ವಿಕ್ಟೋರಿಯಾ ಸರೋವರವೂ ನಮ್ಮೂರ ಒರತೆಯೂ

ಆಫ್ರಿಕ ಖಂಡವನ್ನು ಕಾಣಬೇಕೆಂಬ ಹುಚ್ಚು ನನಗೆ ಹೈಸ್ಕೂಲಿನ ದಿನಗಳಲ್ಲಿಯೇ ಹತ್ತಿದುದು. ಅದರಲ್ಲಿಯೂ ಸಮುದ್ರದಂತೆ ಹಬ್ಬಿರುವ ವಿಕ್ಟೋರಿಯಾ ಸರೋವರ, ಅದರ ನಡುಗಡ್ಡೆಗಳು, ದಡದಲ್ಲಿ ಮೈಚಾಚಿದ ಮೊಸಳೆಗಳು, ನೀರಾನೆಗಳು, ಅಲ್ಲಿಂದ ಹೊರಡುವ ನೈಲ್ ನದಿ, ಇವೆಲ್ಲ ನನ್ನ ಕನಸಿನಲ್ಲಿ ಬರುತ್ತಿದ್ದುವು. ಚಳ್ಳಕೆರೆ ತಾಲ್ಲೂಕಿನ ಬಿಸಿಲಿನಲ್ಲಿ ಬೆಳೆದವನಿಗೆ ನೀರಿನ ಕನಸು ಬೀಳುವುದು ಸಹಜವೇ ಸರಿ. 2024ರ ಡಿಸೆಂಬರಿನಲ್ಲಿ ನಡೆದ ನಮ್ಮ ಕಿರುಪರೀಕ್ಷೆಯಲ್ಲಿ ಆಫ್ರಿಕದ ಮಹಾಸರೋವರಗಳನ್ನು ಕುರಿತ ಪ್ರಶ್ನೆ ಬಂದಾಗ ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ನಾಲ್ಕು ಪುಟ ತುಂಬ ಬರೆದೆ. ಹತ್ತಕ್ಕೆ ಒಂಬತ್ತು ಅಂಕಗಳೂ ಬಂದುವು.

ಉತ್ತರಪತ್ರಿಕೆಯನ್ನು ಹಿಂದಿರುಗಿಸುವಾಗ ನಮ್ಮ ಭೂಗೋಳದ ಉಪನ್ಯಾಸಕರು ನನ್ನನ್ನು ನಿಲ್ಲಿಸಿ ಕೇಳಿದರು: "ಉತ್ತರ ಚೆನ್ನಾಗಿದೆ. ಇದುವರೆಗೆ ನೀನು ಕಣ್ಣಾರೆ ಕಂಡಿರುವ ಅತಿ ದೊಡ್ಡ ನೀರು ಯಾವುದಪ್ಪ?"

ನಾನು ಕೊಂಚ ಯೋಚಿಸಿ, "ನಾಯಕನಹಟ್ಟಿಯ ದೊಡ್ಡಕೆರೆ, ಸಾರ್. ಆದರೆ ನಾನು ಜಾತ್ರೆಗೆ ಹೋಗಿದ್ದಾಗ ಅದರಲ್ಲಿ ನೀರಿರಲಿಲ್ಲ" ಎಂದೆ.

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಮೇಷ್ಟ್ರು ನಗಲಿಲ್ಲ. "ಮಾರಿಕಣಿವೆಯನ್ನು ನೋಡಿದ್ದೀಯಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ. "ಹಾಗಾದರೆ ದಿನವೂ ಕುಡಿಯುವ ನೀರಿನ ಮನೆಯನ್ನು ನೋಡದೆ ನೈಲ್ ನದಿಯ ಮನೆಗೆ ಹೊರಟಿದ್ದೀಯೆ! ಮೊದಲು ಇಲ್ಲಿಗೆ ಹೋಗಿ ಬರೋಣ, ಆಮೇಲೆ ಅಲ್ಲಿಗೆ ಹೋಗುವೆಯಂತೆ" ಎಂದರು. ಚಳ್ಳಕೆರೆ ಪಟ್ಟಣದ ನಲ್ಲಿಗಳಿಗೆ ಬರುವ ನೀರು ವಾಣಿವಿಲಾಸ ಸಾಗರದ್ದೆಂಬುದನ್ನು ಪಟ್ಟಣದಲ್ಲಿ ಓದುತ್ತಿದ್ದ ನಾನು ಎಂದೂ ಮನಸ್ಸಿಗೆ ತಂದುಕೊಂಡಿರಲಿಲ್ಲ. ಅಂದು ನಾಚಿಕೆಯಾಯಿತು. ಆ ನಾಚಿಕೆಯೇ ಈ ಲೇಖನಕ್ಕೆ ಮೂಲ.

2025ರ ಫೆಬ್ರವರಿಯ ಒಂದು ಬೆಳಗ್ಗೆ ನಮ್ಮ ತರಗತಿಯ ಹದಿನೆಂಟು ಮಂದಿ ಮೇಷ್ಟ್ರೊಡನೆ ಹಿರಿಯೂರಿನ ಬಸ್ಸು ಹತ್ತಿದೆವು. ನನ್ನ ಪಕ್ಕದಲ್ಲಿ ಕುಳಿತವನು ಹಾಸ್ಟೆಲಿನಲ್ಲಿ ನನ್ನ ಕೋಣೆಯವನೇ ಆದ ಮೊಳಕಾಲ್ಮೂರಿನ ಗೆಳೆಯ. ಅವನ ತಂದೆ ರೇಷ್ಮೆ ಸೀರೆ ನೇಯುವವರು. ದಾರಿಯುದ್ದಕ್ಕೂ ಅವನು ತನ್ನ ತಾಲ್ಲೂಕಿನ ಬ್ರಹ್ಮಗಿರಿಯ ಕಥೆಯನ್ನು ಹೇಳುತ್ತಿದ್ದ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿರುವುದೂ, ಅವುಗಳಲ್ಲಿ ಇಸಿಲ ಎಂಬ ಊರಿನ ಹೆಸರು ಬರುವುದೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದುದೂ ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ತಿಳಿದ ವಿಷಯ. ಆದರೆ ನನ್ನ ಗೆಳೆಯನ ಪ್ರಶ್ನೆ ಬೇರೆ ಬಗೆಯದಾಗಿತ್ತು. "ಇಂಥ ಒಣನೆಲದಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಅಷ್ಟು ದೊಡ್ಡ ಊರಿತ್ತಲ್ಲ, ಬೇಸಗೆಯಲ್ಲಿ ಅವರು ಏನು ಕುಡಿಯುತ್ತಿದ್ದರು?" ಎಂದು ಅವನು ಕೇಳಿದ. ನನ್ನ ಹತ್ತಿರ ಉತ್ತರವಿರಲಿಲ್ಲ. "ಚಿನ್ನಹಗರಿ ಹತ್ತಿರದಲ್ಲಿಯೇ ಹರಿಯುತ್ತದಲ್ಲ" ಎಂದೆ. "ಬೇಸಗೆಯಲ್ಲಿ ಅದು ಹರಿಯುವುದನ್ನು ನೀನು ನೋಡಿದ್ದೀಯಾ? ಬರೀ ಮರಳು!" ಎಂದು ಅವನು ನಕ್ಕ. ಈ ಪ್ರಶ್ನೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಕೊನೆಯಲ್ಲಿ ಇದಕ್ಕೇ ಹಿಂದಿರುಗಬೇಕಾಗಿದೆ.

ಹಿರಿಯೂರಿನಿಂದ ಮತ್ತೊಂದು ಬಸ್ಸು ಹಿಡಿದು ಸುಮಾರು 20 ಕಿಲೋಮೀಟರು ಸಾಗಿದರೆ ವಾಣಿವಿಲಾಸಪುರ. ಅಲ್ಲಿ ಇಳಿದರೆ ಮೊದಲು ಎದುರಾಗುವುದು ಕಣಿವೆ ಮಾರಮ್ಮನ ಗುಡಿ. ಈ ದೇವಿಯಿಂದಲೇ ಈ ಸ್ಥಳಕ್ಕೆ ಮಾರಿಕಣಿವೆ ಎಂಬ ಹೆಸರು. ಎರಡು ಬೆಟ್ಟಗಳು ಒಂದಕ್ಕೊಂದು ಹತ್ತಿರ ಬಂದು ನಡುವೆ ಒಂದು ಕಿರುದಾರಿಯನ್ನಷ್ಟೇ ಬಿಟ್ಟಿರುವುದನ್ನೂ, ಆ ದಾರಿಗೆ ಅಡ್ಡಲಾಗಿ ಕಲ್ಲಿನ ಗೋಡೆ ನಿಂತಿರುವುದನ್ನೂ ಕಂಡಾಗ, ಈ ಸ್ಥಳವನ್ನು ಆರಿಸಿದವರ ಬುದ್ಧಿಗೆ ತಲೆದೂಗದವರಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1898ರಲ್ಲಿ, ಕೆಲಸ ಪ್ರಾರಂಭವಾಗಿ 1907ರಲ್ಲಿ ಮುಗಿಯಿತು. ಕೆಲಸ ಪ್ರಾರಂಭವಾದಾಗ ರಾಜಪ್ರತಿನಿಧಿಯಾಗಿ ಸಂಸ್ಥಾನವನ್ನು ಆಳುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಇದಕ್ಕೆ ಇಟ್ಟರು. ಗೋಡೆಯ ಉದ್ದ 1,330 ಅಡಿ, ಅಡಿಪಾಯದಿಂದ ಎತ್ತರ 167 ಅಡಿ. ಸಿಮೆಂಟಿನ ಕಾಲವಲ್ಲ ಅದು. ಕಲ್ಲು ಮತ್ತು ಸುಣ್ಣದ ಗಾರೆಯೇ ಎಲ್ಲ. ಶತಮಾನ ದಾಟಿದರೂ ಗೋಡೆ ಗಟ್ಟಿಯಾಗಿ ನಿಂತಿದೆ.

ಮೆಟ್ಟಲುಗಳನ್ನು ಹತ್ತಿ ಗೋಡೆಯ ಮೇಲಕ್ಕೆ ಬಂದೆವು. ಆಗ ಕಂಡ ನೋಟವನ್ನು ನಾನು ಹೇಗೆ ಬಣ್ಣಿಸಲಿ! ಒಂದು ಪಕ್ಕದಲ್ಲಿ ತೆಂಗು ಅಡಿಕೆಗಳ ಹಸಿರು. ಇನ್ನೊಂದು ಪಕ್ಕದಲ್ಲಿ ನೀರು, ನೀರು, ಬೆಟ್ಟಗಳ ಸಂದುಗೊಂದುಗಳಲ್ಲೆಲ್ಲ ನುಗ್ಗಿ ನಿಂತ ನೀರು. ಬಿಸಿಲಿಗೆ ಅಲೆಗಳು ಮಿಂಚುತ್ತಿದ್ದುವು. "ನಮ್ಮಪ್ಪ ಸೆರಗಿಗೆ ಜರಿ ಹಾಕಿದ ಹಾಗಿದೆ" ಎಂದ ಗೆಳೆಯ. ನಾನು ಮಾತೇ ಆಡಲಿಲ್ಲ. ನೀರಿಗೆ ಅಲೆಯುಂಟೆಂಬುದನ್ನು ನಾಲ್ಕು ಪುಟ ಬರೆದಿದ್ದವನು ಅಂದು ಮೊದಲ ಬಾರಿಗೆ ಕಂಡೆ.

ನಾವು ಹೋದ ಕಾಲವೂ ಪುಣ್ಯಕಾಲವೇ. ಈ ಸಾಗರ ತುಂಬುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಪೂರ್ಣಮಟ್ಟ 130 ಅಡಿ. 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿದ್ದಿತ್ತು. ಆಮೇಲೆ ಮೂರು ತಲೆಮಾರುಗಳು ಕಾದುವು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಬಳಿಕ, ಮತ್ತೆ ಕೋಡಿ ಬಿದ್ದಿತು. 2025ರ ಜನವರಿಯಲ್ಲಿ ಮೂರನೆಯ ಬಾರಿ. ಈಚಿನ ಈ ಭಾಗ್ಯಕ್ಕೆ ಮಳೆಯೊಂದೇ ಕಾರಣವಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರಾ ನದಿಯ ನೀರನ್ನು ಯಂತ್ರಗಳಿಂದ ಎತ್ತಿ, ಸುರಂಗದ ಮೂಲಕ ಹಾಯಿಸಿ, 2019ರಿಂದ ಇತ್ತ ಹರಿಸಲಾಗುತ್ತಿದೆ. ಅದಕ್ಕೆ ಮುಂಚಿನ ಬರದ ವರ್ಷಗಳಲ್ಲಿ ಇಲ್ಲಿ ಹಳೆಯ ಕಲ್ಲುಬಂಡೆಗಳೂ ಬಿರುಕುಬಿಟ್ಟ ಕೆಸರೂ ಕಾಣುತ್ತಿದ್ದುವೆಂದು ಅಲ್ಲಿನವರು ಹೇಳಿದರು.

ಗೋಡೆಯ ಪಕ್ಕದ ಮಂಟಪದ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಊಟವಾದ ಮೇಲೆ ಮೇಷ್ಟ್ರು ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಈಗ ಹೇಳು ನಿನ್ನ ವಿಕ್ಟೋರಿಯಾ ಸರೋವರದ ವಿಚಾರ. ಎದುರಿಗೆ ನೀರಿದೆ, ಹೋಲಿಸಿ ಹೇಳು" ಎಂದರು. ಅಂದು ನಾನು ಹೇಳಿದುದನ್ನೂ, ಮೇಷ್ಟ್ರು ತಿದ್ದಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ವಿಕ್ಟೋರಿಯಾ ಸರೋವರದ ವಿಸ್ತೀರ್ಣ ಸುಮಾರು 68,800 ಚದರ ಕಿಲೋಮೀಟರು. ನಮ್ಮ ಚಿತ್ರದುರ್ಗದಂಥ ಎಂಟು ಜಿಲ್ಲೆಗಳನ್ನು ಅದರಲ್ಲಿ ಮುಳುಗಿಸಬಹುದು. ವಾಣಿವಿಲಾಸ ಸಾಗರದ ನೀರು ಹರಡುವುದು ತುಂಬಿದಾಗ ಸುಮಾರು 34 ಚದರ ಮೈಲಿ, ಎಂದರೆ 88 ಚದರ ಕಿಲೋಮೀಟರು; ಇಂಥವು 780 ಕೂಡಿದರೆ ಒಂದು ವಿಕ್ಟೋರಿಯಾ. ಯುಗಾಂಡ, ಕೀನ್ಯ, ಟಾಂಜಾನಿಯ ಮೂರು ರಾಜ್ಯಗಳು ಅದರ ದಡವನ್ನು ಹಂಚಿಕೊಂಡಿವೆ. ಆದರೆ ಆಳದಲ್ಲಿ ಅದು ಅಷ್ಟೇನೂ ಘನವಾದುದಲ್ಲ. ಅದರ ನೆರೆಯ ಟಾಂಗಾನೀಕ ಸರೋವರ 1,400 ಮೀಟರಿಗೂ ಮಿಕ್ಕು ಆಳವಾಗಿದ್ದರೆ, ವಿಕ್ಟೋರಿಯದ ಸರಾಸರಿ ಆಳ ಕೇವಲ 40 ಮೀಟರು. ನಮ್ಮ ಗೋಡೆಯ ಬುಡದಲ್ಲಿ ತುಂಬಿ ನಿಂತ 130 ಅಡಿ ನೀರೂ ಹೆಚ್ಚುಕಡಿಮೆ ಅಷ್ಟೇ! ಈ ಮಾತು ಕೇಳಿ ನಮ್ಮವರೆಲ್ಲ ಎದ್ದು ಗೋಡೆಯಿಂದ ಬಗ್ಗಿ ನೋಡಿದರು.

1858ರಲ್ಲಿ ಸ್ಪೀಕ್ ಎಂಬ ಆಂಗ್ಲ ಸಾಹಸಿ ಈ ಸರೋವರವನ್ನು "ಕಂಡುಹಿಡಿದ"ನೆಂದು ನಾನು ಬರೆದಿದ್ದೆ. ನನ್ನ ಕಳೆದುಹೋದ ಒಂದು ಅಂಕ ಇಲ್ಲಿಯದೇ. "ಮಾರಿಕಣಿವೆಯನ್ನು ಈ ದಿನ ನೀನು ಕಂಡುಹಿಡಿದೆಯೋ?" ಎಂದು ಮೇಷ್ಟ್ರು ಕೇಳಿದರು. ಅಲ್ಲಿನ ಜನ ಸಾವಿರಾರು ವರ್ಷಗಳಿಂದ ಅದರ ದಡದಲ್ಲಿ ಬಾಳಿದ್ದರು; ಬುಗಾಂಡದವರು ಅದನ್ನು ನಲುಬಾಲೆ ಎಂದು ಕರೆಯುತ್ತಿದ್ದರು. ಸ್ಪೀಕ್ ಮಾಡಿದುದೆಂದರೆ ನೈಲ್ ನದಿ ಅಲ್ಲಿಂದ ಹೊರಡುವುದೆಂದು ಊಹಿಸಿ, 1862ರಲ್ಲಿ ಮತ್ತೆ ಹೋಗಿ ಆ ಸ್ಥಳವನ್ನು ಕಂಡು ಯೂರೋಪಿನವರಿಗೆ ತಿಳಿಸಿದುದು. ನದಿ ಹೊರಡುತ್ತಿದ್ದ ರಿಪನ್ ಜಲಪಾತ ಈಗ ಇಲ್ಲ. ಜಿಂಜ ಎಂಬಲ್ಲಿ ಕಟ್ಟಿ 1954ರಲ್ಲಿ ಪ್ರಾರಂಭಿಸಿದ ಅಣೆಕಟ್ಟಿನ ನೀರಿನಲ್ಲಿ ಅದು ಮುಳುಗಿತು. ಅದೇ ಜಿಂಜದಲ್ಲಿ 1948ರಲ್ಲಿ ಮಹಾತ್ಮಾ ಗಾಂಧಿಯವರ ಚಿತಾಭಸ್ಮದ ಒಂದು ಭಾಗವನ್ನು ನೈಲ್ ನದಿಗೆ ಬಿಟ್ಟರು. 1901ರಲ್ಲಿ ಸರೋವರದ ದಡವನ್ನು ಮುಟ್ಟಿದ ರೈಲುದಾರಿಯನ್ನು ಹಾಕಿದವರಲ್ಲಿ ನಮ್ಮ ದೇಶದ ಕೂಲಿಗಳು ಸಾವಿರಾರು ಮಂದಿ. ಆದುದರಿಂದ ಆ ನೀರು ನಮಗೆ ತೀರ ಪರಕೀಯವೇನೂ ಅಲ್ಲ.

ಇನ್ನು ಮುಖ್ಯವಾದ ವಿಷಯ. ಸರೋವರವೆಂದರೆ ತುಂಬಿಟ್ಟ ಕೊಪ್ಪರಿಗೆಯಲ್ಲ. ಅದೊಂದು ಜಮಾಖರ್ಚಿನ ಪುಸ್ತಕ. ವಿಕ್ಟೋರಿಯದ ಜಮಾದಲ್ಲಿ ನೂರಕ್ಕೆ ಸುಮಾರು 80 ಪಾಲು ಅದರ ಮೇಲೆಯೇ ನೇರವಾಗಿ ಬೀಳುವ ಮಳೆ. ಸುತ್ತಣ ನದಿಗಳೆಲ್ಲ ಸೇರಿ ತರುವುದು ಉಳಿದ 20 ಪಾಲು ಮಾತ್ರ. ಖರ್ಚಿನ ಕಡೆ ನೋಡಿದರೆ, ನೂರಕ್ಕೆ ಮುಕ್ಕಾಲಿಗಿಂತ ಹೆಚ್ಚನ್ನು ಸೂರ್ಯನೇ ಆವಿಯಾಗಿ ಒಯ್ಯುತ್ತಾನೆ. ಅಷ್ಟು ದೊಡ್ಡ ನೈಲ್ ನದಿಗೆ ಸಿಗುವುದು ಸೂರ್ಯ ಉಂಡು ಬಿಟ್ಟ ಉಳಿಕೆ! ಈ ಲೆಕ್ಕ ತಪ್ಪಿದರೆ ಏನಾಗುವುದೆಂಬುದಕ್ಕೂ ಸಾಕ್ಷಿಯಿದೆ. ಸರೋವರದ ತಳದ ಕೆಸರನ್ನು ಕೊರೆದು ಪರೀಕ್ಷಿಸಿದ ವಿಜ್ಞಾನಿಗಳು, ಸುಮಾರು 15,000 ವರ್ಷಗಳ ಹಿಂದೆ ಅದು ಒಣಗಿ ಹುಲ್ಲುನೆಲವಾಗಿತ್ತೆಂದು ತಿಳಿಸಿದ್ದಾರೆ. ಸಮುದ್ರದಂಥ ಸರೋವರವೂ ಬಯಲಾಗಬಹುದು ಎಂಬ ಮಾತು ನಮ್ಮ ಕಡೆಯವರಿಗೆ ಹೆದರಿಕೆ ಹುಟ್ಟಿಸತಕ್ಕದ್ದೇ.

ಅದೇ ಲೆಕ್ಕವನ್ನು ಎದುರಿಗಿದ್ದ ನೀರಿಗೆ ಹಾಕಿ ನೋಡಿದೆವು. ನಮ್ಮ ಸಾಗರದ ಜಮಾ ಬೇರೆ ಬಗೆಯದು. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯ ಬಯಲಿನ ಮಳೆ ವಿಕ್ಟೋರಿಯದ ಮೇಲೆ ಬೀಳುವ ಮಳೆಯ ಅರ್ಧಕ್ಕೂ ಸಾಲದು. ಚಳ್ಳಕೆರೆಯಲ್ಲಿ ವರ್ಷಕ್ಕೆ 500 ಮಿಲಿಮೀಟರಿಗಿಂತ ಕಡಿಮೆ. ಆದುದರಿಂದ ನಮ್ಮದು ದೂರದ ಬೆಟ್ಟಗಳ ನೀರು. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದು ಬರುವ ವೇದಾ, ಅವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಇಲ್ಲಿಗೆ ಬರುತ್ತವೆ. 2,075 ಚದರ ಮೈಲಿ ನೆಲದ ನೀರು ಈ ಒಂದು ಕಣಿವೆಯ ಬಾಗಿಲಿಗೆ ಬರಬೇಕು. ಬರುವ ದಾರಿಯಲ್ಲಿ ನೂರಾರು ಕೆರೆಗಳು ತುಂಬಬೇಕು. ಇದು 89 ವರ್ಷ ಕಾಯಿಸಿದುದರಲ್ಲಿ ಆಶ್ಚರ್ಯವೇನು?

ಖರ್ಚಿನ ಕಡೆಯಾದರೋ ನಾವು ಆಫ್ರಿಕಕ್ಕೆ ಕಡಿಮೆಯಿಲ್ಲ. ನಮ್ಮ ಬಯಲುಸೀಮೆಯ ಬಿಸಿಲಿಗೂ ಗಾಳಿಗೂ ಬಯಲಿನಲ್ಲಿರುವ ನೀರು ವರ್ಷಕ್ಕೆ ಒಂದೂವರೆ ಮೀಟರು ಇಳಿಯಿತೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ತುಂಬಿದ ಸಾಗರದ 88 ಚದರ ಕಿಲೋಮೀಟರಿಗೆ ಇದನ್ನು ಹಾಕಿದರೆ ನಾಲ್ಕೂವರೆ ಟಿ.ಎಂ.ಸಿ.ಗೂ ಮೇಲಾಯಿತು. ಸಾಗರ ಹಿಡಿಯುವುದು ಒಟ್ಟು 30 ಟಿ.ಎಂ.ಸಿ. ಎಂದರೆ ಆರೇಳು ಕೊಡ ನೀರು ಹೊತ್ತು ತಂದರೆ ಒಂದು ಕೊಡವನ್ನು ಪ್ರತಿವರ್ಷ ಸೂರ್ಯನಾರಾಯಣನಿಗೆ ಒಪ್ಪಿಸಿದ ಹಾಗಾಯಿತು. ಕೊಡ ಹೊತ್ತು ಬಲ್ಲವರಿಗೆ ಇದರ ಸಂಕಟ ಗೊತ್ತು.

ಬಿಸಿಲು ಇಳಿಯುವ ಹೊತ್ತಿಗೆ ಹಿನ್ನೀರಿನ ಒಂದು ಅಂಚಿಗೆ ನಡೆದೆವು. ಬೆಳ್ಳಕ್ಕಿಗಳು ಸಾಲಾಗಿ ನಿಂತಿದ್ದುವು; ನೀರುಕಾಗೆಯೊಂದು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ದಡದಲ್ಲಿ ವಯಸ್ಸಾದ ಮೀನುಗಾರರೊಬ್ಬರು ಬಲೆಯನ್ನು ಕೊಡವುತ್ತಿದ್ದರು. ಪಕ್ಕದಲ್ಲಿ ಅವರ ತೆಪ್ಪ. ಇದಲ್ಲವೆ ಸಾಹಸಕ್ಕೆ ಸಮಯ ಎಂದು ನಾವು ನಾಲ್ಕೈದು ಮಂದಿ ಹುಡುಗರು ಅವರನ್ನು ಸುತ್ತುವರಿದು, "ಅಜ್ಜಾ, ನಮ್ಮನ್ನೊಂದು ಸುತ್ತು ಕರೆದುಕೊಂಡು ಹೋಗಿ" ಎಂದು ದುಂಬಾಲು ಬಿದ್ದೆವು. ದುಡ್ಡು ಕೊಡುವೆವೆಂದೂ ಹೇಳಿದೆವು. ಅವರು ಬಲೆಯಿಂದ ಕಣ್ಣೆತ್ತದೆ, "ಈಜು ಬರ್ತೈತಾ?" ಎಂದರು. ನಾವು ಮುಖ ಮುಖ ನೋಡಿಕೊಂಡೆವು. ಚಳ್ಳಕೆರೆಯ ಹುಡುಗರಿಗೆ ಈಜು ಎಲ್ಲಿಂದ ಬರಬೇಕು! "ಅತ್ತ ನೋಡ್ರಪ್ಪಾ, ಗಾಳಿ ಎದ್ದೈತೆ. ಇದು ಕೆರೆಯಲ್ಲ. ನಿಮ್ಮ ತಾಯಂದಿರಿಗೆ ನಾನು ಉತ್ತರ ಹೇಳಲಾರೆ" ಎಂದು ಸುಮ್ಮನಾದರು.

ನಮಗೆ ನಿರಾಶೆಯಾಯಿತು. ಹಿಂದಿನಿಂದ ಬಂದ ಮೇಷ್ಟ್ರು ಸಮಾಚಾರ ಕೇಳಿ, ಮೊದಲು ಆ ಹಿರಿಯರಿಗೆ ಕೈಮುಗಿದರು. ಆಮೇಲೆ ನಮಗೆ ಹೇಳಿದರು: ವಿಕ್ಟೋರಿಯದಲ್ಲಿ ಬೆಸ್ತರು ರಾತ್ರಿ ದೀಪಗಳನ್ನು ಹಚ್ಚಿಕೊಂಡು ಸಣ್ಣ ಮೀನು ಹಿಡಿಯಲು ಹೋಗುತ್ತಾರೆ. ರಾತ್ರಿಯ ಹೊತ್ತಿನಲ್ಲಿಯೇ ಅಲ್ಲಿ ಗುಡುಗುಮಳೆ ಬಿರುಗಾಳಿಗಳು ಇದ್ದಕ್ಕಿದ್ದಂತೆ ಏಳುತ್ತವೆ; ಪ್ರತಿವರ್ಷ ಎಷ್ಟೋ ದೋಣಿಗಳು ಹಿಂದಿರುಗುವುದಿಲ್ಲ. 1996ರ ಮೇ 21ರಂದು ಬುಕೋಬಾ ಎಂಬ ಹಡಗು ಮ್ವಾಂಜ ಪಟ್ಟಣದ ಬಳಿ ಅದೇ ಸರೋವರದಲ್ಲಿ ಮುಳುಗಿ ನೂರಾರು ಜನ ಪ್ರಾಣ ಕಳೆದುಕೊಂಡರು. "ನೀರಿನ ಹತ್ತಿರ ಸಾಹಸವೆಂದರೆ ಇಳಿಯುವುದೊಂದೇ ಅಲ್ಲ. ಇಳಿಯಬಾರದ ದಿನವನ್ನು ಅರಿತು ದಡದಲ್ಲಿ ಉಳಿಯುವುದೂ ಸಾಹಸವೇ" ಎಂದರು. ಅಂದು ಆ ಮಾತು ರುಚಿಸಲಿಲ್ಲ. ಈಗ ಬರೆಯುವಾಗ ಅದರ ತೂಕ ತಿಳಿಯುತ್ತಿದೆ.

ಹೊರಡುವ ಮುನ್ನ ಮೇಷ್ಟ್ರು ಮತ್ತೊಂದು ಮಾತು ಹೇಳಿದರು. ವಿಕ್ಟೋರಿಯದಲ್ಲಿ ಹೆಚ್ಚು ಮೀನು ಸಿಗಲೆಂದು 1950ರ ದಶಕದಲ್ಲಿ ಹೊರಗಿನಿಂದ ನೈಲ್ ಪರ್ಚ್ ಎಂಬ ದೊಡ್ಡ ಮೀನನ್ನು ತಂದು ಬಿಟ್ಟರು. ವ್ಯಾಪಾರವೇನೋ ಬೆಳೆಯಿತು, ಆದರೆ ಆ ಸರೋವರದಲ್ಲಿ ಮಾತ್ರ ಇದ್ದ ನೂರಾರು ಜಾತಿಯ ಪುಟ್ಟ ಮೀನುಗಳು ಅಳಿದುಹೋದುವು. ಅದು ದೊಡ್ಡ ಮೀನಿನ ತಪ್ಪೊಂದೇ ಅಲ್ಲ. ದಡದ ಊರುಗಳ ಕೊಳಚೆ, ಹೊಲಗಳ ಗೊಬ್ಬರ ನೀರಿಗೆ ಸೇರಿದುದೂ ಕಾರಣ. 1990ರ ದಶಕದಲ್ಲಿ ಅಂತರಗಂಗೆಯ ಜಾತಿಯ ಕಳೆ ಹಬ್ಬಿ ದೋಣಿಗಳೇ ಹೊರಡಲಾರದಂತಾಯಿತು. ಕೈಗೆ ಸಿಕ್ಕ ಲಾಭವನ್ನು ಎಣಿಸುವಾಗ ಕಾಣದೆ ಹೋಗುವ ನಷ್ಟವನ್ನು ಯಾರೂ ಎಣಿಸಲಿಲ್ಲ. ಈ ಮಾತು ಬಸ್ಸಿನಲ್ಲಿ ನನ್ನ ಜೊತೆಯಲ್ಲೇ ಊರಿಗೆ ಬಂದಿತು.

ನಮ್ಮೂರು ವೇದಾವತಿಯ ದಡದಲ್ಲಿದೆ. ಮಾರಿಕಣಿವೆಯ ಗೋಡೆಯನ್ನು ದಾಟಿದ ನದಿ ಹಿರಿಯೂರಿನ ಬಳಿ ಸುವರ್ಣಮುಖಿಯನ್ನು ಕೂಡಿಕೊಂಡು, ಚಳ್ಳಕೆರೆ ತಾಲ್ಲೂಕನ್ನು ಹಾದು, ಆಂಧ್ರದ ನೆಲವನ್ನು ಮುಟ್ಟಿ, ಬಳ್ಳಾರಿಯ ಕಡೆ ಹಗರಿ ಎನ್ನಿಸಿಕೊಂಡು ತುಂಗಭದ್ರೆಗೆ ಸೇರುತ್ತದೆ. ನಾನು ಹುಟ್ಟಿ ಬುದ್ಧಿ ಬಂದಾಗಿನಿಂದ 2022ರವರೆಗೆ ಅದನ್ನು ನದಿ ಎಂದು ಕರೆಯಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ಅದೊಂದು ಮರಳಿನ ಹಾದಿ, ಅಷ್ಟೆ. ನಾನು ಪ್ರವಾಸದ ಕಥೆಯನ್ನು ಹೇಳಿ, ಅಷ್ಟು ನೀರನ್ನು ಬಿಸಿಲು ಕುಡಿಯುತ್ತದೆಂಬ ಲೆಕ್ಕವನ್ನು ಒಪ್ಪಿಸಿದಾಗ ನಮ್ಮ ಅಜ್ಜಿ ಎಲೆಅಡಿಕೆ ಕುಟ್ಟುತ್ತ, "ಅದಕ್ಕೇ ಕಣೋ ಮಗಾ, ನಾವು ನೀರನ್ನ ಮರಳೊಳಗೆ ಮುಚ್ಚಿಟ್ಟಿದ್ದು" ಎಂದಳು.

ನಾನು ಬೆರಗಾದೆ. ಅವಳ ಕಾಲದಲ್ಲಿ ಬೇಸಗೆ ಬಂದೊಡನೆ ಹೆಂಗಸರು ಹೊಳೆಗೆ ಹೋಗಿ, ಮರಳಿನಲ್ಲಿ ಮೊಣಕಾಲುದ್ದವೋ ಸೊಂಟದುದ್ದವೋ ಒರತೆ ತೋಡುತ್ತಿದ್ದರಂತೆ. ಸ್ವಲ್ಪ ಹೊತ್ತು ಕಾದರೆ ತಿಳಿನೀರು ಜಿನುಗಿ ತುಂಬುತ್ತಿತ್ತು. ಚಿಪ್ಪಿನಲ್ಲಿ ಮೊಗೆದು ಕೊಡಕ್ಕೆ ಹಾಕುವುದು. ಒಬ್ಬರದಾದ ಮೇಲೆ ಇನ್ನೊಬ್ಬರು. ಮೊಳಕಾಲ್ಮೂರಿನ ಗೆಳೆಯನನ್ನು ಕೇಳಿದಾಗ ಚಿನ್ನಹಗರಿಯಲ್ಲಿಯೂ ಅವನ ಹಿರಿಯರು ಹೀಗೆಯೇ ಮಾಡುತ್ತಿದ್ದರೆಂದ. ಇಸಿಲದ ಜನರ ವಿಷಯದಲ್ಲಿ ಶಾಸನ ಏನನ್ನೂ ಹೇಳುವುದಿಲ್ಲವಾದರೂ, ಬಸ್ಸಿನಲ್ಲಿ ಅವನು ಕೇಳಿದ ಪ್ರಶ್ನೆಗೆ ಉತ್ತರ ನಮ್ಮಿಬ್ಬರಿಗೂ ಹೊಳೆಯಿತು.

ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು, "ಹೇಳಿದರೆ ಸಾಲದು, ಮಾಡಿ ನೋಡಿ" ಎಂದರು. ಮಾರ್ಚ್ ತಿಂಗಳಿನಲ್ಲಿ ಹಾಸ್ಟೆಲಿನ ತಾರಸಿಯ ಮೇಲೆ ನಾವಿಬ್ಬರೂ ಎರಡು ಬಕೆಟ್ಟುಗಳನ್ನಿಟ್ಟೆವು. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ ಹೊಳೆಯ ಮರಳನ್ನು ತುಂಬಿ, ಮೇಲಿನಿಂದ ಒಂದು ಗೇಣು ಕೆಳಗಿನವರೆಗೆ ನೀರು ನಿಲ್ಲುವಂತೆ ಹೊಯ್ದೆವು. ಹತ್ತು ದಿನ ಕಳೆದ ಮೇಲೆ ನೋಡಿದರೆ ನೀರಿನ ಬಕೆಟ್ಟಿನಲ್ಲಿ ನಾಲ್ಕು ಬೆರಳು ಇಳಿದಿತ್ತು. ಮರಳಿನ ಬಕೆಟ್ಟಿನಲ್ಲಿ ಮೇಲಿನ ಪದರ ಕಾದ ಹೆಂಚಿನಂತಿದ್ದರೂ ಕೈಹಾಕಿ ಬಗೆದರೆ ಕೆಳಗೆ ತಂಪು. ಇನ್ನಷ್ಟು ಬಗೆದರೆ ನೀರು! ಇದರ ಕಾರಣ ಸರಳವಾದುದು. ಮರಳಿನ ಕಣಗಳ ನಡುವೆ ಸುಮಾರು ಮೂರರಲ್ಲಿ ಒಂದು ಪಾಲು ಬಿಡುವಿರುತ್ತದೆ. ನೀರು ಅಲ್ಲಿ ನಿಲ್ಲುತ್ತದೆ. ಮೇಲಿನ ಪದರ ಒಣಗಿದೊಡನೆ ಅದೇ ಕೆಳಗಿನ ನೀರಿಗೆ ಹೊದಿಕೆಯಾಗುತ್ತದೆ. ಬಿಸಿಲೂ ಗಾಳಿಯೂ ಸುಲಭವಾಗಿ ಒಳಗೆ ಹೋಗಲಾರವು. ಮೂರು ಆಳುದ್ದ ಮರಳಿರುವ ಹೊಳೆಯೆಂದರೆ ಒಂದು ಆಳುದ್ದ ನೀರಿನ, ಮುಚ್ಚಳವಿರುವ ಸರೋವರ. ಮಾರಿಕಣಿವೆಯಂಥ ತೆರೆದ ಸಾಗರವೂ ಬೇಕು, ಅದಿಲ್ಲದೆ ನಮ್ಮ ಪಟ್ಟಣಗಳು ಬಾಳಲಾರವು. ಆದರೆ ವೇದಾವತಿ, ಚಿನ್ನಹಗರಿಗಳ ಉದ್ದಕ್ಕೂ ಮಲಗಿದ್ದ ಆ ಮುಚ್ಚಿದ ಸರೋವರವೇ ಬಡವನ ಮನೆಯ ಹತ್ತಿರದ ಸರೋವರವಾಗಿತ್ತು.

ಆಗಿತ್ತು ಎಂದೆ. ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನ ನನಗೆ ಸುಖವಾಗಿರುತ್ತಿತ್ತು. ಆದರೆ ಲೆಕ್ಕದ ಒಂದು ಬಾಬನ್ನು ಬಚ್ಚಿಟ್ಟು ಪುಸ್ತಕ ಮುಚ್ಚುವುದು ಸರಿಯಲ್ಲ.

ನಮ್ಮೂರ ಹೊಳೆಯಲ್ಲಿ ಈಗ ಎಷ್ಟೋ ಕಡೆ ಮರಳಿಲ್ಲ. ಕಲ್ಲೂ ಮಣ್ಣೂ ಎದ್ದಿವೆ, ಜಾಲಿ ಬೆಳೆದಿದೆ. ಮರಳು ಮನೆಗಳಾಗಿ, ಮಹಡಿಗಳಾಗಿ ಪಟ್ಟಣಗಳಿಗೆ ಹೋಯಿತು. ಅದನ್ನು ಹೇರಿದ ಟ್ರ್ಯಾಕ್ಟರುಗಳಲ್ಲಿ ಒಂದನ್ನು ಓಡಿಸುತ್ತಿದ್ದವನು ನಮ್ಮಣ್ಣ. ಮಳೆ ಕೈಕೊಟ್ಟು ಶೇಂಗಾ ಹೋದ ವರ್ಷಗಳಲ್ಲಿ ಅವನು ರಾತ್ರಿಯೆಲ್ಲ ನಿದ್ದೆಗೆಟ್ಟು ದುಡಿದುದರಿಂದಲೇ ನಮ್ಮ ಮನೆಯಲ್ಲಿ ಒಲೆ ಉರಿಯಿತು. ನಾನು ಕಾಲೇಜಿಗೆ ಸೇರಿದೆ. ವಿಕ್ಟೋರಿಯಾ ಸರೋವರದ ಮೇಲೆ ನಾಲ್ಕು ಪುಟ ಬರೆಯುವುದನ್ನು ಕಲಿತುದು ನಮ್ಮೂರ ಸರೋವರವನ್ನು ಮಾರಿದ ಹಣದಿಂದ ಎಂಬುದು ಬಕೆಟ್ಟಿನೊಳಕ್ಕೆ ಕೈಹಾಕಿದ ದಿನ ನನಗೆ ತಿಳಿಯಿತು. ಅಣ್ಣನನ್ನು ದೂರುವ ಬಾಯಿ ನನಗಿಲ್ಲ. ಅವನು ಒಂದು ಮೀನು ಹಿಡಿದು ಮನೆಗೆ ತಂದ ಬೆಸ್ತನ ಹಾಗೆ. ಕೊಳ ಬರಿದಾಗುವುದು ಅವನಿಗೆ ತಿಳಿದಿರಲಿಲ್ಲ, ತಿಳಿಸಬೇಕಾದ ಓದಿದವರು ತಿಳಿಸಲಿಲ್ಲ.

ಯುಗಾದಿಗೆ ಊರಿಗೆ ಹೋಗಿದ್ದಾಗ ಅವನಿಗೆ ಬಕೆಟ್ಟಿನ ಕಥೆಯನ್ನು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ನನಗೂ ಗೊತ್ತಾಗಿತ್ತು ಕಣೋ. ಮರಳು ತೆಗೆದ ಕಡೆಯೇ ನಮ್ಮ ಬೋರ್ ಮೊದಲು ಬತ್ತಿದ್ದು" ಎಂದ. ಈಗ ಅವನು ಆ ಕೆಲಸದಲ್ಲಿಲ್ಲ. ಬಾಡಿಗೆಗೆ ಹೊಲ ಉಳುತ್ತಾನೆ. ಸಂಪಾದನೆ ಅರ್ಧವಾಗಿದೆ. ಇದಕ್ಕೆ ನನ್ನ ಪಾಠ ಕಾರಣವೆಂದು ನಾನು ಹೇಳಿಕೊಳ್ಳಲಾರೆ, ಹೊಳೆಯಲ್ಲಿ ಹೇರಲು ಮರಳೇ ಉಳಿದಿರಲಿಲ್ಲ. ಆದರೆ ಆ ದಿನ ಸಂಜೆ ಅವನು ನನ್ನನ್ನು ಕರೆದುಕೊಂಡು ಹೋಗಿ, ಹೊಳೆಯ ತಿರುವಿನಲ್ಲಿ ಟ್ರ್ಯಾಕ್ಟರು ಇಳಿಯಲಾರದ್ದರಿಂದ ಉಳಿದಿದ್ದ ಒಂದು ಮರಳಿನ ದಿಬ್ಬವನ್ನು ತೋರಿಸಿದ. ಇಬ್ಬರೂ ಕೂತು ಕೈಯಿಂದಲೇ ತೋಡಿದೆವು. ಮೊಣಕೈ ಮುಳುಗುವಷ್ಟರಲ್ಲಿ ನೀರು ಬಂತು. ಅಣ್ಣ ಬೊಗಸೆಯಲ್ಲಿ ತೆಗೆದು ಕುಡಿದ, ನನಗೂ ಕೊಟ್ಟ.

ಸಹಪಾಠಿ ಮಿತ್ರರೇ, ನಾನು ಆಫ್ರಿಕದ ಆಸೆಯನ್ನು ಬಿಟ್ಟಿಲ್ಲ. ದೇವರು ಅನುಕೂಲ ಕೊಟ್ಟರೆ ಒಂದು ದಿನ ಜಿಂಜದಲ್ಲಿ ನಿಂತು ನೈಲ್ ನದಿ ಹೊರಡುವುದನ್ನು ನೋಡಿಯೇ ನೋಡುವೆನು. ಆದರೆ ಅಲ್ಲಿನವರು, "ನಿಮ್ಮೂರಿನ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದರೆ ಇನ್ನು ನಾನು ತಡವರಿಸುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮೂರುಗಳಿಂದ ಬರುವ ನಾವೆಲ್ಲರೂ ಮುಂದಿನ ರಜೆಯಲ್ಲಿ ಒಂದು ಕೆಲಸ ಮಾಡೋಣವೆಂದು ನನ್ನ ಸೂಚನೆ. ತಂತಮ್ಮ ಊರಿನ ಹೊಳೆಹಳ್ಳಗಳಲ್ಲಿ ಎಲ್ಲೆಲ್ಲಿ ಮರಳು ಉಳಿದಿದೆ, ಎಷ್ಟು ಆಳಕ್ಕೆ ಒರತೆ ಸಿಗುತ್ತದೆ ಎಂಬುದನ್ನು ಹಿರಿಯರನ್ನು ಕೇಳಿ, ಅಳೆದು, ಬರೆದು ತರೋಣ. ಅಳತೆಗೆ ದೊಡ್ಡ ಯಂತ್ರವೇನೂ ಬೇಡ, ಒಂದು ಕೋಲು ಸಾಕು. ನಕ್ಷೆ ಬರೆಯಲು ನಮ್ಮ ಮೇಷ್ಟ್ರು ಒಪ್ಪಿದ್ದಾರೆ. ನಮ್ಮೂರ ತಿರುವಿನ ಆ ದಿಬ್ಬವನ್ನು ನಾನು ಆಗಲೇ ಗುರುತು ಹಾಕಿಟ್ಟಿದ್ದೇನೆ.